ಒನ್ಸ್ ಮೋರ್!

ನಮ್ಮ ಚಳ್ಳಕೆರೆ ಕಡೆಯವರಿಗೆ ಜಾತ್ರೆ ಅಂದ್ರೆ ನಾಯಕನಹಟ್ಟಿ ಜಾತ್ರೆ. ಮೊಳಕಾಲ್ಮೂರಿನ ನಮ್ಮ ತಾತನಿಗೆ ಮಾತ್ರ ಜಾತ್ರೆ ಅಂದ್ರೆ ನಾಟಕ. ಟಿವಿಯಲ್ಲಿ ಹಳೇ ಸಿನಿಮಾ ಹಾಡು ಬಂದಾಗೆಲ್ಲ "ಇದು ನಾಟಕದ ಮಟ್ಟು ಕಣೋ" ಅಂತಾರೆ. ಸುಮ್ನೆ ಹೇಳ್ತಾರೆ ಅಂದ್ಕೊಂಡಿದ್ದೆ. ಆದ್ರೆ ಅದರಲ್ಲಿ ನಿಜ ಇದೆ.

ಅಮೆರಿಕದಲ್ಲಿ ವಾಡೆವಿಲ್ ಅಂತ ಇತ್ತು. ಒಂದೇ ಟಿಕೆಟ್‌ಗೆ ಹಾಡು, ಕುಣಿತ, ಹಾಸ್ಯ. ಅಲ್ಲಿ ಜನ ಮೆಚ್ಚಿದ ಹಾಡು ಊರೂರಿಗೆ ಹರಡುತ್ತಿತ್ತು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಕಂಪನಿ ನಾಟಕ.

ಆಗ ಮೈಕ್ ಇರಲಿಲ್ಲ. ಕೊನೇ ಸಾಲಿಗೂ ಕೇಳಬೇಕಂದ್ರೆ ನಟರು ಎತ್ತರದ ಶ್ರುತಿಯಲ್ಲಿ, ಪದ ಬಿಡಿಸಿ ಹಾಡಬೇಕಿತ್ತು. ಜೊತೆಗೆ ಕಾಲು ಹಾರ್ಮೋನಿಯಂ, ತಬಲಾ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಮರಾಠಿ ಮತ್ತು ಪಾರ್ಸಿ ನಾಟಕದ ಮಟ್ಟು ಎಲ್ಲಾ ಬೆರೆತವು. ಜನ "ಒನ್ಸ್ ಮೋರ್" ಅಂದ್ರೆ ಕಥೆ ನಿಲ್ಲುತ್ತಿತ್ತು, ಹಾಡು ಮತ್ತೆ ಶುರು!

1934ರಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ರಂಗಭೂಮಿಯವರು. ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ನಾಟಕಕಾರರೇ. ಹೀಗೆ ನಾಟಕದ ಹಾಡು ಸಿನಿಮಾಕ್ಕೆ ನಡೆದು ಬಂತು. 1954ರ 'ಬೇಡರ ಕಣ್ಣಪ್ಪ'ದ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಮುಂದೆ ಅವರೇ ಹಾಡಿದ ಹಾಡುಗಳಲ್ಲಿ ಒಂದೊಂದು ಪದವೂ ಸ್ಪಷ್ಟವಾಗಿ ಕೇಳೋದು ಆ ಪಾಠದಿಂದಲೇ ಅಂತ ನನಗನ್ನಿಸುತ್ತೆ.

ತಾತ ಗುನುಗೋ ಎಷ್ಟೋ ಮಟ್ಟು ಯೂಟ್ಯೂಬಲ್ಲಿ ಹುಡುಕಿದೆ, ಸಿಗಲಿಲ್ಲ. ಈ ರಜೆಗೆ ಊರಿಗೆ ಹೋದಾಗ ಫೋನಲ್ಲಿ ರೆಕಾರ್ಡ್ ಮಾಡ್ಕೋಬೇಕು. ನಿಮ್ಮನೇಲೂ ಅಜ್ಜ ಅಜ್ಜಿ ಗುನುಗ್ತಿದ್ರೆ ಇಯರ್‌ಫೋನ್ ತೆಗೆದು ಕೇಳಿ. ಅವರಿಗೆ "ಒನ್ಸ್ ಮೋರ್" ಅನ್ನೋಕೆ ಈಗ ಉಳಿದಿರೋದು ನಾವೇ.