ಪರಿಸರ ರಕ್ಷಣೆಯ ಬೆಲೆ: ಗಣಿನಾಡು ಕಲಿಸಿದ ಪಾಠ

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಶ್ರೀ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಶಿಲ್ಪವನ್ನು ಕಂಡವರಿಗೆ ಆ ಮಾತಿನ ಔಚಿತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಸಾರ್ವಜನಿಕ ಜೀವನದ ಕೆಲವು ಪ್ರಶ್ನೆಗಳೂ ಹಾಗೆಯೇ. ಹೊರಗಿನಿಂದ ತೋರುವ ರೂಪ ಒಂದು, ಒಳಹೊಕ್ಕು ನೋಡಿದಾಗ ತೋರುವ ರೂಪ ಮತ್ತೊಂದು. ಪರಿಸರ ರಕ್ಷಣೆಗಾಗಿ ಸರ್ಕಾರ ವಿಧಿಸುವ ನಿಯಮಗಳಿಂದ ಉದ್ಯಮಕ್ಕೂ ಉದ್ಯೋಗಕ್ಕೂ ನಷ್ಟವಾಗುತ್ತದೆಯೇ ಎಂಬುದು ಅಂತಹ ಪ್ರಶ್ನೆಗಳಲ್ಲೊಂದು. ನಮ್ಮ ನೆರೆಯ ಸಂಡೂರು ಗುಡ್ಡಗಳ ಕಥೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾದದ ಎರಡು ಮುಖಗಳು

ಈ ಚರ್ಚೆ ಇಂದು ನಿನ್ನೆಯದಲ್ಲ. 1972ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯು ಮಾನವ ಪರಿಸರವನ್ನು ಕುರಿತು ಸಮ್ಮೇಳನ ನಡೆಸಿದಾಗ, ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಬಡತನದ ಪ್ರಶ್ನೆಯನ್ನು ಬದಿಗಿಟ್ಟು ಪರಿಸರದ ಮಾತನಾಡಲಾಗದೆಂಬ ಆಶಯವನ್ನು ಜಗತ್ತಿನ ಮುಂದಿಟ್ಟರು. ಮುಂದೆ ನಮ್ಮ ದೇಶದಲ್ಲಿ 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಯೂ, ಭೋಪಾಲದ ಅನಿಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯೂ ಜಾರಿಗೆ ಬಂದವು. ಪರಿಸರವನ್ನು ಕೆಡಿಸಿದವನೇ ಅದರ ಬೆಲೆಯನ್ನು ತೆರಬೇಕೆಂಬ ತತ್ತ್ವವನ್ನು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನೆಲದ ಕಾನೂನಿನ ಭಾಗವೆಂದು ಮಾನ್ಯಮಾಡಿತು.

ಈ ನಿಯಮಗಳನ್ನು ವಿರೋಧಿಸುವವರ ವಾದ ಸುಳ್ಳಿನದಲ್ಲ. ಅನುಮತಿ ತಡವಾದಷ್ಟೂ ಬಂಡವಾಳದ ಬಡ್ಡಿ ಬೆಳೆಯುತ್ತದೆ. ಕಾರ್ಖಾನೆ ನಿಂತರೆ ಕೂಲಿ ನಿಲ್ಲುತ್ತದೆ. ಸರ್ಕಾರದ ಬೊಕ್ಕಸಕ್ಕೆ ಬರುವ ಹಣವೂ ಕುಗ್ಗುತ್ತದೆ. ನಿಯಮಗಳ ಪರವಾಗಿರುವವರ ವಾದವಾದರೋ, ಹಾಳಾದ ನೀರು, ನೆಲ, ಗಾಳಿಗಳಿಗೂ ಬೆಲೆಯುಂಟು, ಆ ಬೆಲೆಯನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ ಎಂಬುದಾಗಿದೆ. ಇವೆರಡೂ ಮಾತುಗಳು ನಿಜವೆಂಬುದಕ್ಕೆ ನಮ್ಮ ಗಣಿನಾಡೇ ಸಾಕ್ಷಿ.

ಅದಿರಿನ ಸುಗ್ಗಿ

ಈ ಶತಮಾನದ ಆರಂಭದ ವರ್ಷಗಳಲ್ಲಿ ಚೀನಾ ದೇಶದ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದಾಗಿ ಕಬ್ಬಿಣದ ಅದಿರಿನ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಅದಿರು ಹೊತ್ತ ಲಾರಿಗಳು ಹೊಸಪೇಟೆ ಸಂಡೂರು ರಸ್ತೆಗಳಲ್ಲಿ ಹಗಲಿರುಳೆನ್ನದೆ ಸಾಲುಗಟ್ಟಿದವು. ರಸ್ತೆಯ ಬದಿಯ ಮರಗಳೂ ಮನೆಗಳ ಮಾಳಿಗೆಗಳೂ ಕೆಂಪು ಧೂಳಿನಿಂದ ಒಂದೇ ಬಣ್ಣಕ್ಕೆ ತಿರುಗಿದವು. ಒಕ್ಕಲುತನದಿಂದ ಬೇಸತ್ತ ಕುಟುಂಬಗಳು ಸಾಲಮಾಡಿ ಲಾರಿ ಕೊಂಡವು. ಕೆಲವರು ಅದಿರು ಸುರಿಯಲು ತಮ್ಮ ಹೊಲಗಳನ್ನೇ ಬಾಡಿಗೆಗೆ ಕೊಟ್ಟರು. ಮಳೆಯನ್ನೇ ನಂಬಿ ಜೋಳ, ಶೇಂಗಾ ಬಿತ್ತುವ ಸೀಮೆಯಲ್ಲಿ ತಿಂಗಳು ತಿಂಗಳೂ ಕೈಗೆ ಬರುವ ಹಣದ ಆಕರ್ಷಣೆಯನ್ನು ತಪ್ಪೆನ್ನಲಾಗದು.

ಆದರೆ ಆ ಸಂಪತ್ತಿನಲ್ಲಿ ನಾಡಿಗೆ ಸಂದ ಪಾಲು ಎಷ್ಟು? 2009ರವರೆಗೆ ಉತ್ತಮ ದರ್ಜೆಯ ಅದಿರಿಗೂ ಟನ್ನೊಂದಕ್ಕೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 27 ರೂಪಾಯಿಗಳನ್ನು ಮೀರಿರಲಿಲ್ಲ. ಹೊರದೇಶದ ಮಾರುಕಟ್ಟೆಯಲ್ಲಿ ಅದೇ ಅದಿರು ಸಾವಿರಾರು ರೂಪಾಯಿಗಳಿಗೆ ಮಾರಾಟವಾಗುತ್ತಿತ್ತು. ಅರಣ್ಯದ ಕಾಯಿದೆ, ಗಣಿಗಾರಿಕೆಯ ಕಾಯಿದೆ, ಲಾರಿಗೆ ಎಷ್ಟು ತೂಕ ಹೇರಬೇಕೆಂಬ ಕಾಯಿದೆ, ಎಲ್ಲವೂ ಆಗಲೂ ಇದ್ದವು. ಅವು ಕಾಗದದ ಮೇಲಿದ್ದವೇ ಹೊರತು ಗುಡ್ಡದ ಮೇಲಿರಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಮೊದಲನೆಯ ವರದಿಯನ್ನೂ, 2011ರ ಜುಲೈ 27ರಂದು ಅಂತಿಮ ವರದಿಯನ್ನೂ ಸಲ್ಲಿಸಿದರು. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು ಆ ಅಂತಿಮ ವರದಿ 16,085 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು.

ಒಮ್ಮೆಗೇ ಬಿದ್ದ ಬೀಗ

ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಹೂಡಿದ್ದ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ತಡೆ ವಿಸ್ತರಿಸಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದಿರಿನ ಅಭಾವಕ್ಕೆ ಸಿಲುಕಿ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ದೇಶದೊಳಗಿನ ಉಕ್ಕಿನ ಉದ್ಯಮ ಉಸಿರಾಡಲೆಂದು ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮಕ್ಕೆ ತಿಂಗಳಿಗೆ ಹತ್ತು ಲಕ್ಷ ಟನ್ ಅದಿರು ತೆಗೆಯಲು ನ್ಯಾಯಾಲಯವೇ ಅವಕಾಶ ನೀಡಿತು.

ದೊಡ್ಡ ಉದ್ಯಮಗಳಿಗೆ ನ್ಯಾಯಾಲಯದಲ್ಲಿ ವಕೀಲರಿದ್ದರು. ಲಾರಿಯ ಕಂತು ಕಟ್ಟಬೇಕಾಗಿದ್ದವನಿಗೆ, ಚಾಲಕನಿಗೆ, ಕ್ಲೀನರ್ ಹುಡುಗನಿಗೆ, ರಸ್ತೆಯ ಬದಿಯ ಚಹದಂಗಡಿಯವನಿಗೆ, ಪಂಕ್ಚರ್ ಹಾಕುವವನಿಗೆ ಯಾರೂ ಇರಲಿಲ್ಲ. ನಿಂತ ಲಾರಿಗಳು ಮನೆಯ ಮುಂದೆ ತುಕ್ಕು ಹಿಡಿದವು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ. ಪರಿಸರ ನಿಯಮಗಳು ಬಡವರ ಅನ್ನವನ್ನು ಕಸಿಯುತ್ತವೆ ಎಂಬ ರಾಜಕೀಯ ಭಾಷಣಗಳಿಗೆ ಆ ದಿನಗಳಲ್ಲಿ ಕಿವಿಗೊಡುವವರು ಬಹಳ ಮಂದಿ ಇದ್ದುದು ಸಹಜವೇ.

ಒಳಗಿನ ಲೆಕ್ಕ

ಇಲ್ಲಿಗೆ ಹೊರಗಿನ ನೋಟ ಮುಗಿಯಿತು. ಈಗ ಒಳಗಿನ ಲೆಕ್ಕವನ್ನು ನೋಡೋಣ. ಗಣಿಗಳನ್ನು ಪರಿಶೀಲಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯು ಅವುಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. ಉಲ್ಲಂಘನೆ ಇಲ್ಲದವು ಅಥವಾ ಅತ್ಯಲ್ಪವಾಗಿದ್ದವು ಮೊದಲನೆಯ ವರ್ಗ. ಗುತ್ತಿಗೆಯ ಗಡಿಯನ್ನು ಒಂದು ಮಿತಿಯೊಳಗೆ ದಾಟಿದ್ದವು ಎರಡನೆಯದು. ಆ ಮಿತಿಯನ್ನೂ ಮೀರಿದವು ಮೂರನೆಯದು. ಎ ವರ್ಗದ ಕೆಲವು ಗಣಿಗಳಿಗೆ 2012ರಲ್ಲಿಯೇ ಮತ್ತೆ ಕೆಲಸ ಆರಂಭಿಸುವ ಅನುಮತಿ ದೊರೆಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ 49 ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಗಡಿಯಾಚೆ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ ತೆರಬೇಕಾಯಿತು.

ಈ ವಿಂಗಡಣೆಯೇ ನಮಗೆ ಮುಖ್ಯವಾದ ಪಾಠವನ್ನು ಹೇಳುತ್ತದೆ. ನಿಯಮ ಪಾಲಿಸಿದವನಿಗೂ ಪಾಲಿಸದವನಿಗೂ ಒಂದೇ ದಿನ ಬೀಗ ಬಿದ್ದುದೇಕೆ? ಗಡಿಕಲ್ಲನ್ನು ದಾಟಿದ ದಿನವೇ, ಹೆಚ್ಚು ತೂಕ ಹೇರಿದ ದಿನವೇ ಅದನ್ನು ತಡೆಯುವ ಕೈಗಳು ಸುಮ್ಮನಿದ್ದುದರಿಂದ. ದಿನದಿನವೂ ಸ್ವಲ್ಪಸ್ವಲ್ಪವಾಗಿ ಪಾಲನೆಯಾಗಬೇಕಾಗಿದ್ದ ನಿಯಮ ಹಲವು ವರ್ಷಗಳ ಬಾಕಿಯೊಡನೆ ಒಂದೇ ದಿನ ಬಂದು ನಿಂತಿತು. ಬಳ್ಳಾರಿ ಸೀಮೆ ಅಂದು ತೆತ್ತ ಬೆಲೆ ನಿಯಮದ ಬೆಲೆಯಲ್ಲ. ನಿಯಮವನ್ನು ಮುಂದೂಡಿದುದರ ಬೆಲೆ.

ಲೆಕ್ಕದ ಇನ್ನೊಂದು ಪುಟವೂ ಇದೆ. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆಗ ಸುಮಾರು 133 ಟಿ.ಎಂ.ಸಿ.; ಹೂಳು ತುಂಬಿ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಈ ಹೂಳೆಲ್ಲವೂ ಗಣಿಯದೆನ್ನಲಾಗದು. ಆದರೆ ಬೋಳಾದ ಗುಡ್ಡದ ಮಣ್ಣು ಮಳೆಗೆ ಹರಿದು ಹಳ್ಳ ಕೆರೆಗಳನ್ನು ಸೇರುತ್ತದೆಂಬುದು ಯಾವ ರೈತನಿಗೂ ಹೊಸ ಮಾತಲ್ಲ. ನೀರು ತಲುಪದ ಕಾಲುವೆಯ ಕೊನೆಯ ಹೊಲದವನ ನಷ್ಟವನ್ನು ಯಾವ ಕಂಪನಿಯ ಲೆಕ್ಕಪತ್ರವೂ ತೋರಿಸುವುದಿಲ್ಲ.

ನಿಯಮವೆಂದರೆ ಶಾಶ್ವತವಾದ ಬೀಗವಲ್ಲ ಎಂಬುದನ್ನೂ ಗಮನಿಸಬೇಕು. ಮುಂದಿನ ತಲೆಮಾರಿಗೂ ಅದಿರು ಉಳಿಯಬೇಕೆಂದು ವರ್ಷಕ್ಕೆ ಇಂತಿಷ್ಟೇ ತೆಗೆಯಬೇಕೆಂಬ ಮಿತಿಯನ್ನು ವಿಧಿಸಲಾಯಿತು. ಆರಂಭದಲ್ಲಿ ಬಳ್ಳಾರಿಗೆ ಎರಡೂವರೆ ಕೋಟಿ ಟನ್ ಇದ್ದ ಮಿತಿಯನ್ನು ಹಂತಹಂತವಾಗಿ ಹೆಚ್ಚಿಸಿ 2022ರಲ್ಲಿ ಮೂರೂವರೆ ಕೋಟಿಗೆ ಏರಿಸಲಾಯಿತು. ಗಣಿಯಿಂದ ಹಾಳಾದ ಪ್ರದೇಶದ ಪುನಶ್ಚೇತನಕ್ಕಾಗಿ ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲನ್ನು ಮೀಸಲಿಡಲಾಯಿತು. ಅದಕ್ಕೆಂದೇ 2014ರಲ್ಲಿ ನಿಗಮವೊಂದು ರಚಿತವಾದರೂ, ಆ ಹಣ ಹಲವು ವರ್ಷ ಕೆಲಸಕ್ಕೆ ಬಾರದೆ ಕೂಡುತ್ತಲೇ ಹೋಯಿತು. ತಪ್ಪಿತಸ್ಥರಿಂದ ವಸೂಲಾದ ಹಣ ನೊಂದವರ ಮನೆಬಾಗಿಲಿಗೆ ಸಕಾಲದಲ್ಲಿ ತಲುಪದಿದ್ದರೆ, ನಿಯಮದ ಮೇಲೆ ಜನರ ವಿಶ್ವಾಸ ನಿಲ್ಲುವುದೆಂತು?

ಮತ್ತೆ ಅದೇ ಪ್ರಶ್ನೆ

ಪಶ್ಚಿಮಘಟ್ಟದ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿಯು, ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಯ ದಿನ ಅಲ್ಲಿಯ ಗಣಿಯನ್ನು ಮುಚ್ಚಿತು. ಭದ್ರೆಯ ಉಗಮದ ಕಾಡು ಉಳಿಯಿತು. ಕೆಲಸಗಾರರ ಪಟ್ಟಣ ಬರಿದಾಯಿತು. ಅದೇ ಕಂಪನಿಗೆ ಸಂಡೂರಿನ ಸ್ವಾಮಿಮಲೆ ಅರಣ್ಯದ ದೇವದಾರಿ ಗುಡ್ಡದಲ್ಲಿ ಗಣಿ ನೀಡುವ ವಿಷಯ 2024ರಲ್ಲಿ ವಿವಾದಕ್ಕೆ ಒಳಗಾಯಿತು. ಕೇಂದ್ರದ ಉಕ್ಕು ಸಚಿವ ಶ್ರೀ ಎಚ್.ಡಿ. ಕುಮಾರಸ್ವಾಮಿಯವರು ಅದರ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವ ಶ್ರೀ ಈಶ್ವರ ಖಂಡ್ರೆಯವರು ಅರಣ್ಯಭೂಮಿಯನ್ನು ಹಸ್ತಾಂತರಿಸಬಾರದೆಂದು ಸೂಚಿಸಿದರು. ಒಂದು ಕಡೆ ಸಾರ್ವಜನಿಕ ಉದ್ಯಮವೊಂದರ ಕಾರ್ಮಿಕರ ಭವಿಷ್ಯ. ಮತ್ತೊಂದು ಕಡೆ ಸುಮಾರು 400 ಹೆಕ್ಟೇರ್ ಕಾಡು, ಒಂದು ಲಕ್ಷಕ್ಕೆ ಸಮೀಪದ ಮರಗಳು.

ಇಂತಹ ಸಂದರ್ಭದಲ್ಲಿ ಯಾವ ಪಕ್ಷ ಏನು ಹೇಳಿತೆಂಬುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳುವುದು ಹಿತ. ಲಾಭ ಯಾರಿಗೆ? ನಷ್ಟ ಯಾರಿಗೆ? ಆ ನಷ್ಟವನ್ನು ತುಂಬುವವರು ಯಾರು, ಎಂದು? ಈ ಮೂರಕ್ಕೂ ಉತ್ತರ ಸಿಗದ ಯೋಜನೆಯೂ ಅಪೂರ್ಣ, ಉತ್ತರ ಸಿಗದ ನಿಷೇಧವೂ ಅಪೂರ್ಣ.

ನಮ್ಮ ಹಿರಿಯರು ದುಡಿಮೆಯನ್ನು ಕಾಯಕವೆಂದು ಕರೆದರು. ದುಡಿಮೆಯ ಫಲ ಹಂಚಿಕೆಯಾದಾಗ ಅದನ್ನು ದಾಸೋಹವೆಂದರು. ಮಣ್ಣಿನಿಂದ ಪಡೆದುದರಲ್ಲಿ ಮಣ್ಣಿಗೂ, ಮುಂದೆ ಹುಟ್ಟುವವರಿಗೂ ಪಾಲುಂಟೆಂಬ ಅರಿವು ಈ ಎರಡು ಮಾತುಗಳಲ್ಲಿ ಅಡಗಿದೆ. ಗಣಿಯ ದಿನಗಳಲ್ಲಿ ಶಾಲೆ ಬಿಟ್ಟು ಲಾರಿ ಹತ್ತಿದ ಹುಡುಗರು ಈ ಸೀಮೆಯ ಹಲವು ಹಳ್ಳಿಗಳಲ್ಲಿದ್ದಾರೆ. ಅವರ ಮಕ್ಕಳು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಈ ಲೆಕ್ಕದ ಎರಡೂ ಪುಟಗಳನ್ನು ಓದಬಲ್ಲ ಶಕ್ತಿಯನ್ನು ಆ ಮಕ್ಕಳಿಗೆ ಕೊಡುವುದು ಉಪಾಧ್ಯಾಯರ ಕರ್ತವ್ಯ. ಅದಕ್ಕೆ ಆಸರೆಯಾಗಿ ನಿಲ್ಲುವುದು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನಾಡಿಗೆ ಸಲ್ಲಿಸಬಹುದಾದ ನಿಜವಾದ ಸೇವೆ.