ತಿರುಮಣಿಯ ಬಿಸಿಲು, ಹೊರನಾಡಿನ ಬಂಡವಾಳ

ಪಾವಗಡದಿಂದ ತಿರುಮಣಿಯ ಕಡೆ ಹೊರಟರೆ ಮೊದಲು ಸಿಗುವುದು ಬಂಡೆಗುಡ್ಡ, ಜಾಲಿಮುಳ್ಳು, ಕೆಮ್ಮಣ್ಣು. ಆಮೇಲೆ ಒಮ್ಮೆಗೇ ಕಡುನೀಲಿ. ಬರಕ್ಕೆ ಹೆಸರಾದ ತಾಲ್ಲೂಕಿನಲ್ಲಿ ಕೆರೆಯೊಂದು ಕೋಡಿ ಬಿದ್ದು ಹೊಲಕ್ಕೆಲ್ಲ ಹರಡಿದಂತೆ ಕಾಣುತ್ತದೆ. ಹತ್ತಿರ ಹೋದರೆ ತಂತಿಬೇಲಿ, ಅದರಾಚೆ ದಕ್ಷಿಣಕ್ಕೆ ಮುಖಮಾಡಿದ ಸೌರ ಫಲಕಗಳ ಗಾಜಿನ ಸಾಲು. ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ತಿರುಮಣಿ ಈ ಐದೂರಿನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯ.

ನಸುಕಿಗೇ ಇಲ್ಲಿ ಕೆಲಸ ಶುರು. ಪ್ಲೇಟಿನ ಮೇಲೆ ಕೂತ ಧೂಳು ವಿದ್ಯುತ್ತನ್ನು ತಿನ್ನುತ್ತದೆ, ತೊಳೆಯಬೇಕು. ನೀರಿಗೇ ತತ್ವಾರವಿರುವ ನೆಲದಲ್ಲಿ ಗಾಜು ತೊಳೆಯಲು ನೀರು! ನೀರಿಲ್ಲದೆ ಒರೆಸುವ ಯಂತ್ರಗಳೂ ಇವೆ, ಅವಕ್ಕೆ ಮೊದಲೇ ದುಡ್ಡು ಸುರಿಯಬೇಕು. ನಡುಹಗಲಿಗೆ ಇನ್ನೊಂದು ವಿಚಿತ್ರ. ಬಿಸಿಲು ನೆತ್ತಿ ಸುಡುವಾಗ ಫಲಕದ ದಕ್ಷತೆ ಇಳಿಯುತ್ತದೆ: ಅದರ ಬಿಸಿ 25 ಡಿಗ್ರಿ ದಾಟಿದ ಮೇಲೆ ಡಿಗ್ರಿಗೆ ಶೇ 0.3ರಿಂದ 0.4ರಷ್ಟು. ಬೆಳಕು ಬೇಕು, ಕಾವು ಬೇಡ.

ಈ ಚೂರುಪಾರನ್ನೆಲ್ಲ ಲೆಕ್ಕವಿಡುವವರು ದೂರದಲ್ಲಿದ್ದಾರೆ. ಇಲ್ಲಿ ಮೊದಮೊದಲು ಬಂದವರಲ್ಲಿ ಫಿನ್‌ಲ್ಯಾಂಡಿನ ವಿದ್ಯುತ್ ಕಂಪನಿ ಫೋರ್ಟಮ್ ಒಂದು. ಅದರ ಕೇಂದ್ರ ಕಚೇರಿಯಿರುವ ಎಸ್ಪೊದಲ್ಲಿ ಡಿಸೆಂಬರಿನ ಹಗಲು ಆರು ತಾಸಿನ ಆಸುಪಾಸು. ಬಿಸಿಲಿಲ್ಲದ ಊರಿನ ಹಣ ಬಿಸಿಲಿನ ಊರು ಹುಡುಕಿಕೊಂಡು ಬಂತು ಅನ್ನಬಹುದು. 2016ರ ಹರಾಜಿನಲ್ಲಿ ಯೂನಿಟ್‌ಗೆ 4.79 ರೂಪಾಯಿ ಕೂಗಿ 100 ಮೆಗಾವ್ಯಾಟ್ ಪಡೆದ ಕಂಪನಿ, 2018ರಲ್ಲಿ 2.85ಕ್ಕೇ 250 ಮೆಗಾವ್ಯಾಟ್ ಹಿಡಿಯಿತು. ಆ ಇಳಿತದ ದೊಡ್ಡ ಪಾಲು ಅಗ್ಗವಾದ ಚೀನಾ ಫಲಕಗಳದ್ದು, ನಿಜ. ಆದರೆ ಸೋಲಾರಿಗೆ ಕಲ್ಲಿದ್ದಲಿನ ಖರ್ಚಿಲ್ಲ, ಹಾಕುವುದೆಲ್ಲ ಮೊದಲೇ. ಹಾಗಾಗಿ ಇಲ್ಲಿ ಬಡ್ಡಿಯೇ ಇಂಧನ. ಕಡಿಮೆ ಬಡ್ಡಿಯ ಸಾಲ ಸಿಕ್ಕವನು ಕಡಿಮೆ ಕೂಗುತ್ತಾನೆ. ಸಾಲ ಕೊಡುವವನೋ ಗಟ್ಟಿ ಆಸಾಮಿ: ಮೋಡ, ಧೂಳು ಎಲ್ಲ ಕಳೆದು ಹತ್ತರಲ್ಲಿ ಒಂಬತ್ತು ವರ್ಷವಾದರೂ ಕೈಗೆ ಸಿಗುವ ಯೂನಿಟ್ ಎಷ್ಟು ಎಂದು ಕೇಳುತ್ತಾನೆ. ಬೇಲಿಯೊಳಗಿನ ಶಿಸ್ತಿಗೆ ಆ ಪ್ರಶ್ನೆಯೇ ಮೂಲ ಎಂದು ನನಗನ್ನಿಸುತ್ತದೆ.

ಹಾಗೆ ಬಂದ ಹಣ ಹಾಗೇ ನಿಲ್ಲುವುದೂ ಇಲ್ಲ. 2021ರಲ್ಲಿ ಫೋರ್ಟಮ್ ಆ 250 ಮೆಗಾವ್ಯಾಟನ್ನು ಲಂಡನ್ನಿನ ಹೂಡಿಕೆ ಸಂಸ್ಥೆ ಆಕ್ಟಿಸ್‌ಗೆ ಮಾರಲು ಒಪ್ಪಿತು. ತಿರುಮಣಿಯಲ್ಲಿ ಒಂದು ಪ್ಲೇಟೂ ಕದಲಲಿಲ್ಲ. ಮಾಲೀಕ ಬದಲಾದರೂ ರೈತನ ಬಾಡಿಗೆ ಹಾಗೇ: ಇಲ್ಲಿ ಅವನು ಜಮೀನು ಮಾರಿಲ್ಲ, ಸರ್ಕಾರಿ ನಿಗಮಕ್ಕೆ 28 ವರ್ಷದ ಗುತ್ತಿಗೆಗೆ ಕೊಟ್ಟಿದ್ದಾನೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಕೈಕೊಡುತ್ತಿದ್ದ ಹೊಲಕ್ಕೆ ಇದು ಸಣ್ಣ ಮಾತಲ್ಲ. ಮಳೆ ನೋಡದೆ ಬರುವ ದುಡ್ಡು.

ಸಂಜೆ ಬೇಲಿಯ ಪಕ್ಕದ ದಾರಿಯಲ್ಲಿ ಕುರಿಹಿಂಡು ಬರುತ್ತದೆ. ಮೊದಲು ಅಡ್ಡ ಹಾಯುತ್ತಿದ್ದ ಹೊಲಗಳನ್ನು ಈಗ ಬಳಸಿ ಹೋಗಬೇಕು. ಕಾಯಿ ಬಿಡಿಸಲು, ಕಳೆ ಕೀಳಲು ಕೂಲಿಗೆ ಬರುತ್ತಿದ್ದವರಿಗೂ ಈ ನೆಲದಲ್ಲಿ ಮೊದಲಿನ ಕೆಲಸವಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಮೇಲೆ ಬಾಡಿಗೆಯೂ ಇಲ್ಲ. ದೂರದ ಹೂಡಿಕೆದಾರರಿಗೆ ಹೋಗುವ ದಕ್ಷತೆಯ ತಖ್ತೆಯಲ್ಲಿ ಯೂನಿಟ್ಟಿಗೆ ಅಂಕಣವಿದೆ, ಧೂಳಿಗೂ ಇದೆ. ಇವರಿಗೊಂದು ಅಂಕಣ ಬರೆಯುವ ಕೆಲಸ ಬಂಡವಾಳದ್ದಲ್ಲ, ಬೆಂಗಳೂರಿನದು.