ಕಡಲಿಲ್ಲದ ನಗರದ ಜಲೋತ್ಸವಗಳು: ಬೆಂಗಳೂರಿನ ಹೊರವಲಯದ ಕೆರೆಗಳ ಧಾರಣಶಕ್ತಿ

ನೀರಿನ ಅಂಚಿನಲ್ಲಿ ಜನ ಕೂಡುವುದು ಎಲ್ಲ ನಾಗರಿಕತೆಗಳಿಗೂ ಸಾಮಾನ್ಯವಾದ ಸಂಗತಿ. ಜರ್ಮನಿಯ ಕೀಲ್ ನಗರದ ನೌಕಾಸಪ್ತಾಹಕ್ಕೆ 1882ರಷ್ಟು ಹಿಂದಿನ ಚರಿತ್ರೆಯಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1975ರಿಂದ ಐದು ವರ್ಷಗಳಿಗೊಮ್ಮೆ ಹಾಯಿಹಡಗುಗಳ ಮಹಾಮೇಳ ನಡೆಯುತ್ತ ಬಂದಿದ್ದು, 2020ರ ಮೇಳ ಮಾತ್ರ ಸಾಂಕ್ರಾಮಿಕದಿಂದಾಗಿ ರದ್ದಾಯಿತು. ನಮ್ಮ ದೇಶದಲ್ಲಿ 2016ರ ಫೆಬ್ರವರಿಯಲ್ಲಿ ವಿಶಾಖಪಟ್ಟಣವು ಅಂತರರಾಷ್ಟ್ರೀಯ ನೌಕಾಪಡೆ ಪರಿಶೀಲನೆಗೆ ಆತಿಥ್ಯ ನೀಡಿತು. ಇಂತಹ ನಗರಗಳಿಗೆ ಮೂರು ಅನುಕೂಲಗಳಿವೆ: ಕಡಲಿನೊಡನೆ ಸಂಪರ್ಕವುಳ್ಳ ಅಗಾಧ ಜಲರಾಶಿ, ಜನಸಂದಣಿ ನಿಲ್ಲಬಲ್ಲ ಉದ್ದನೆಯ ದಕ್ಕೆ, ಮತ್ತು ನೀರಿನಂಚಿನ ಆಡಳಿತಕ್ಕೆ ಹೊಣೆಯಾದ ಬಂದರು ಪ್ರಾಧಿಕಾರ. ಈ ಮೂರೂ ಇಲ್ಲದ ನಗರವೊಂದು ತನ್ನ ಜಲೋತ್ಸವಗಳನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಬೆಂಗಳೂರಿನ ಹೊರವಲಯದ ಕೈಗಾರಿಕಾ ಹಾಗೂ ಮಾಹಿತಿ ತಂತ್ರಜ್ಞಾನ ಪ್ರದೇಶಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಜೀವನದಿಯಿಲ್ಲ. ಹೆಬ್ಬಾಳ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಎಂಬ ಕಣಿವೆಗಳಲ್ಲಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳೇ ಈ ಊರಿನ ಜಲಸಂಪತ್ತು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಸೇರುವುದು ಇದಕ್ಕೆ ನಿದರ್ಶನ. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ನೋಡಿಕೊಳ್ಳಲು ನೀರಗಂಟಿಯಿದ್ದನು. ಕೆರೆ ತುಂಬಿ ಕೋಡಿ ಹರಿದಾಗ ಗಂಗೆಪೂಜೆ ಮಾಡಿ ಬಾಗಿನ ಅರ್ಪಿಸುವುದು ಊರಹಬ್ಬವೇ ಆಗಿತ್ತು. ಗಣಪತಿಯ ವಿಸರ್ಜನೆಯೂ ಇದೇ ಚಕ್ರಕ್ಕೆ ಸೇರಿದುದು. ಕೆರೆಯಂಗಳದ ಜೇಡಿಮಣ್ಣು ಮೂರ್ತಿಯಾಗಿ ಪೂಜೆಗೊಂಡು ಮತ್ತೆ ಕೆರೆಗೇ ಮರಳುತ್ತಿತ್ತು. ಬೇಸಿಗೆಯಲ್ಲಿ ರೈತರು ಹೂಳೆತ್ತಿ ಹೊಲಗಳಿಗೆ ಸಾಗಿಸುತ್ತಿದ್ದರು. ಉತ್ಸವದ ಭಾರವನ್ನು ಕೆರೆ ಸಹಿಸುತ್ತಿದ್ದುದಕ್ಕೆ ಈ ನಿರಂತರ ನಿರ್ವಹಣೆಯೇ ಕಾರಣವಾಗಿತ್ತು.

ಈ ವ್ಯವಸ್ಥೆಯ ಮೇಲೆ ಹೊಸ ನಗರ ಬೆಳೆಯಿತು. 1882ರಲ್ಲಿ ಆಂಗ್ಲೋ–ಇಂಡಿಯನ್ನರ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್, 1990ರ ದಶಕದಲ್ಲಿ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶ ಹಾಗೂ ಟೆಕ್ ಪಾರ್ಕ್‌ಗಳ ನೆಲೆಯಾಯಿತು. ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿತು. ಪೀಣ್ಯವು ಸಣ್ಣ ಕೈಗಾರಿಕೆಗಳ ಬಹುದೊಡ್ಡ ಕೇಂದ್ರವಾಯಿತು. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದಂತೆ ನೀರಗಂಟಿಯ ಕಾಯಕ ಅಳಿಯಿತು. ಮಳೆನೀರು ತರುತ್ತಿದ್ದ ರಾಜಕಾಲುವೆಗಳಲ್ಲಿ ಕೊಳಚೆ ಹರಿಯತೊಡಗಿತು. ಆದರೆ ಕೆರೆಗೆ ಬರುವ ಜನ ಕಡಿಮೆಯಾಗಲಿಲ್ಲ, ಹೆಚ್ಚಾದರು. ಗಣೇಶನ ವಿಸರ್ಜನೆಯ ಜೊತೆಗೆ ಬಂಗಾಳಿಗಳ ದುರ್ಗಾಪೂಜೆಯ ವಿಸರ್ಜನೆ, ಬಿಹಾರ, ಜಾರ್ಖಂಡ್, ಪೂರ್ವ ಉತ್ತರಪ್ರದೇಶಗಳಿಂದ ಬಂದವರ ಛಠ್ ಪೂಜೆಗಳೂ ಸೇರಿಕೊಂಡವು.

ಈ ಮೂರೂ ಉತ್ಸವಗಳು ಕೆರೆಯಿಂದ ಬಯಸುವುದು ಒಂದೇ ಬಗೆಯದಲ್ಲ ಎಂಬುದು ಗಮನಾರ್ಹ. ಗಣೇಶನ ವಿಸರ್ಜನೆಯು ಚೌತಿಯ ದಿನದಿಂದ ಅನಂತ ಚತುರ್ದಶಿಯವರೆಗೆ, ಮುಖ್ಯವಾಗಿ ಮೂರು, ಐದು, ಏಳು ಮುಂತಾದ ದಿನಗಳಲ್ಲಿ ಹಂಚಿಹೋಗುತ್ತದೆ. ದೊಡ್ಡ ಮೂರ್ತಿಗಳು ಟ್ರ್ಯಾಕ್ಟರು, ಲಾರಿಗಳಲ್ಲಿ ರಾತ್ರಿಯ ಹೊತ್ತು ಬರುತ್ತವೆ. ಇಲ್ಲಿ ಬೇಕಾದುದು ರಸ್ತೆ, ಕ್ರೇನ್, ಬೆಳಕು ಮತ್ತು ಈಜುಬಲ್ಲವರು. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಬಂದ ಮೆಟ್ರೊ ರೈಲು ನೋಡಬಂದವರನ್ನು ಸಾಗಿಸೀತೇ ಹೊರತು ಮೆರವಣಿಗೆಯನ್ನಲ್ಲ. ಛಠ್ ಪೂಜೆಯಲ್ಲಾದರೋ ವ್ರತಸ್ಥರು ಸಂಜೆಯ ಮತ್ತು ಮರುಮುಂಜಾನೆಯ ಅರ್ಘ್ಯಕ್ಕಾಗಿ ಸೊಂಟದ ಮಟ್ಟದ ನೀರಿನಲ್ಲಿ ದೀರ್ಘಕಾಲ ನಿಲ್ಲುತ್ತಾರೆ. ಅವರಿಗೆ ಬೇಕಾದುದು ಇಳಿಜಾರಾದ, ಗಟ್ಟಿ ತಳದ ಮೆಟ್ಟಿಲು ಮತ್ತು ಮೈಗೆ ತಾಗಬಹುದಾದ ಶುದ್ಧ ನೀರು. ಮೂರ್ತಿ ಮುಳುಗಿಸಲು ಆಳವಾಗಿ ತೋಡಿದ ಹೊಂಡ ಈ ಪೂಜೆಗೆ ಅಪಾಯಕಾರಿ.

ನೀರಿನ ಮೇಲಾಗುವ ಪರಿಣಾಮವನ್ನೂ ಬಿಡಿಸಿ ನೋಡಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಕುಡಿದು ಗಟ್ಟಿಯಾದಾಗ ಜಿಪ್ಸಮ್ ಆಗುತ್ತದೆ. ಅದು ನೀರಿನಲ್ಲಿ ಬಹಳ ನಿಧಾನವಾಗಿ ಕರಗುವುದರಿಂದ ತಳದಲ್ಲಿ ಉಳಿಯುತ್ತದೆ. ಬಣ್ಣಗಳಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂಗಳಿರಬಹುದು. ಹೂವು, ಬಾಳೆಕಂದು, ನೈವೇದ್ಯಗಳು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ತಗ್ಗಿ ಮೀನುಗಳಿಗೆ ಕುತ್ತಾಗುತ್ತದೆ. ಮಣ್ಣಿನ ಮೂರ್ತಿಯೂ ಹೂಳನ್ನು ಹೆಚ್ಚಿಸುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಪ್ಲಾಸ್ಟರ್ ಮೂರ್ತಿಗಳನ್ನು ನಿಷೇಧಿಸಿತು. ಕೇಂದ್ರ ಮಂಡಳಿಯು 2010ರಲ್ಲಿ ಹೊರಡಿಸಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ವಿಸರ್ಜನೆಯ ಮೊದಲು, ನಡುವೆ ಮತ್ತು ನಂತರ ಹೀಗೆ ಮೂರು ಹಂತಗಳಲ್ಲಿ ನೀರಿನ ಪರೀಕ್ಷೆಯನ್ನು ಅಪೇಕ್ಷಿಸುತ್ತದೆ.

ಹೊರವಲಯದಲ್ಲಿ ಈ ಮೂರು ಹಂತದ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಪೀಣ್ಯದಂತಹ ಪ್ರದೇಶದಲ್ಲಿ ಲೋಹಲೇಪನದ ಘಟಕಗಳಿವೆ. ಕ್ರೋಮಿಯಂ ಅಲ್ಲಿಂದಲೂ ಬರಬಹುದು, ಮೂರ್ತಿಯ ಬಣ್ಣದಿಂದಲೂ ಬರಬಹುದು. ಹಬ್ಬದ ಮೊದಲಿನ ಅಳತೆಯಿಲ್ಲದೆ ಹಬ್ಬದ ನಂತರದ ಅಳತೆಯನ್ನಷ್ಟೇ ಮುಂದಿಟ್ಟರೆ ವರ್ಷವಿಡೀ ನಡೆಯುವ ಮಾಲಿನ್ಯದ ಹೊಣೆಯನ್ನು ಭಕ್ತರ ಮೇಲೆ ಹೊರಿಸಿದಂತಾಗುತ್ತದೆ. ಅಥವಾ ಭಕ್ತರ ಪಾಲಿನ ಹೊಣೆ ಕೊಳಚೆಯ ಮರೆಯಲ್ಲಿ ಅಡಗಿಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆಗೂ, 2015, 2017 ಮತ್ತು 2018ರಲ್ಲಿ ಅಲ್ಲಿ ಕಾಣಿಸಿಕೊಂಡ ಬೆಂಕಿಗೂ ಯಾವ ಹಬ್ಬವೂ ಕಾರಣವಲ್ಲ. ಅದು ಶುದ್ಧೀಕರಣವಿಲ್ಲದೆ ಹರಿದುಬಂದ ಕೊಳಚೆಯ ಮತ್ತು ಸುರಿದ ಕಸದ ಫಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ವಿಷಯವನ್ನು ಕೈಗೆತ್ತಿಕೊಂಡುದೂ ಇದೇ ಕಾರಣಕ್ಕೆ.

ಋತುಮಾನದ ಪ್ರಶ್ನೆಯೂ ಇದೆ. ಸರಾಸರಿ ಲೆಕ್ಕದಲ್ಲಿ ಬೆಂಗಳೂರಿಗೆ ಅತ್ಯಧಿಕ ಮಳೆ ತರುವ ತಿಂಗಳು ಸೆಪ್ಟೆಂಬರ್. 2022ರಲ್ಲಿ ಚೌತಿ ಆಗಸ್ಟ್ 31ರಂದು, ಅನಂತ ಚತುರ್ದಶಿ ಸೆಪ್ಟೆಂಬರ್ 9ರಂದು ಬಿದ್ದವು. ಇವುಗಳ ನಡುವೆ, ಸೆಪ್ಟೆಂಬರ್ 4ರ ರಾತ್ರಿಯ ಮಳೆ 130 ಮಿಲಿಮೀಟರಿಗೂ ಹೆಚ್ಚಾಗಿ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಗಳು ಜಲಾವೃತವಾದವು. ಉದ್ಯೋಗಿಗಳು ಟ್ರ್ಯಾಕ್ಟರುಗಳಲ್ಲಿ ಕಚೇರಿ ತಲುಪಿದರು. ಪ್ರವಾಹಕ್ಕೂ ವಿಸರ್ಜನೆಗೂ ಬೇಕಾಗುವ ಸಿಬ್ಬಂದಿ, ಪಂಪು, ವಾಹನಗಳು ಒಂದೇ. ಆದ್ದರಿಂದ ಉತ್ಸವದ ಸಿದ್ಧತೆ ಮತ್ತು ಮಳೆಗಾಲದ ಸಿದ್ಧತೆಗಳನ್ನು ಬೇರೆಬೇರೆಯಾಗಿ ಯೋಜಿಸುವುದು ಅವೈಜ್ಞಾನಿಕ.

ನಗರವು ಕಂಡುಕೊಂಡ ಪರಿಹಾರಗಳು ಎರಡು: ಕೆರೆಯಂಗಳದಲ್ಲೇ ಮುಖ್ಯ ಜಲದಿಂದ ಬೇರ್ಪಡಿಸಿದ ಕಲ್ಯಾಣಿ, ಮತ್ತು ಬೀದಿಗೇ ಬರುವ ಸಂಚಾರಿ ತೊಟ್ಟಿ. ಸ್ಥಳೀಯ ನಿವಾಸಿಗಳ ಹಾಗೂ ಪಾಲಿಕೆಯ ಸಹಯೋಗದಲ್ಲಿ ಪುನಶ್ಚೇತನಗೊಂಡ ಕೈಕೊಂಡ್ರಹಳ್ಳಿ ಕೆರೆಯಲ್ಲಿ ವಿಸರ್ಜನೆಗೆಂದೇ ಪ್ರತ್ಯೇಕ ಕೊಳವನ್ನು ನಿರ್ಮಿಸಲಾಯಿತು. ಸಂಚಾರಿ ತೊಟ್ಟಿಯು ಮನೆಯ ಚಿಕ್ಕ ಮೂರ್ತಿಗಳಿಗೆ ಅನುಕೂಲ; ಸಂಚಾರದ ಒತ್ತಡವನ್ನೂ ತಗ್ಗಿಸುತ್ತದೆ. ಆದರೆ ಅದು ಜನರನ್ನು ಕೆರೆಯಿಂದ ದೂರವಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಊರೆಲ್ಲ ಕೆರೆಯ ದಡಕ್ಕೆ ಬರುವ ದಿನವೇ ಇಲ್ಲವಾದರೆ, ಆ ಕೆರೆ ಒತ್ತುವರಿಯಾದಾಗ ಕೇಳುವವರು ಯಾರು? ಕಲ್ಯಾಣಿಯು ನೀರನ್ನೂ ಸಂಬಂಧವನ್ನೂ ಒಟ್ಟಿಗೆ ಉಳಿಸುವುದರಿಂದ ಅದೇ ಹೆಚ್ಚು ಸಮಂಜಸವೆನ್ನಬಹುದು. ವಿಸರ್ಜನೆಯ ನಂತರ ಅದನ್ನು ಬರಿದುಮಾಡಿ ಶುಚಿಗೊಳಿಸಬೇಕೆಂಬುದು ಮಾತ್ರ ಕಡ್ಡಾಯ.

ಎಲ್ಲಕ್ಕಿಂತ ತೊಡಕಿನದು ಆಡಳಿತದ ಪ್ರಶ್ನೆ. 2007ರಲ್ಲಿ ಮಹದೇವಪುರ, ದಾಸರಹಳ್ಳಿ, ಬೊಮ್ಮನಹಳ್ಳಿಗಳೂ ಸೇರಿದಂತೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. 2013ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಬಂದವು. ಕೆರೆಯ ಅಂಗಳ ಒಬ್ಬರದು, ಒಳಚರಂಡಿ ಜಲಮಂಡಳಿಯದು, ಬಂದೋಬಸ್ತು ಪೊಲೀಸರದು, ಪರೀಕ್ಷೆ ಮಾಲಿನ್ಯ ಮಂಡಳಿಯದು. ಕಣಿವೆಯ ನೀರು ಮಾತ್ರ ಈ ಗಡಿಗಳನ್ನು ಅರಿಯದು.

ಹೀಗಾಗಿ, ನಗರವೊಂದು ಜಲೋತ್ಸವವನ್ನು ಸಮರ್ಥವಾಗಿ ನಿಭಾಯಿಸಿತೆ ಎಂಬುದನ್ನು ಎಷ್ಟು ಮೂರ್ತಿಗಳು ವಿಸರ್ಜನೆಯಾದವು, ಎಷ್ಟು ಹೊತ್ತಿಗೆ ರಸ್ತೆ ತೆರವಾಯಿತು ಎಂಬ ಲೆಕ್ಕಗಳಿಂದ ನಿರ್ಣಯಿಸಲಾಗದು. ಕೆರೆಯ ನೀರು ಹಬ್ಬದ ಮೊದಲಿದ್ದ ಸ್ಥಿತಿಗೆ ಮರಳಿತೆ, ವ್ರತಸ್ಥರು ಅಂಜಿಕೆಯಿಲ್ಲದೆ ನೀರಿಗಿಳಿಯಬಲ್ಲರೆ, ಉಳಿದ ದಿನಗಳಲ್ಲಿ ಆ ಕೆರೆಗೆ ಕಾವಲಿದೆಯೆ ಎಂಬವು ಸರಿಯಾದ ಅಳತೆಗೋಲುಗಳು. ಬಂದರಿನ ನಗರಗಳಿಗೆ ಕಡಲು ಕೊಟ್ಟ ಸೌಲಭ್ಯವನ್ನು ಬೆಂಗಳೂರು ನಿರ್ವಹಣೆಯಿಂದಲೇ ಗಳಿಸಿಕೊಳ್ಳಬೇಕು. ಕಣಿವೆಗೊಬ್ಬ ಹೊಣೆಗಾರನನ್ನು, ಅಂದರೆ ಈ ಕಾಲಕ್ಕೆ ತಕ್ಕ ನೀರಗಂಟಿಯನ್ನು, ನಿಯೋಜಿಸುವುದು ಆ ದಿಕ್ಕಿನ ಮೊದಲ ಹೆಜ್ಜೆಯಾದೀತು.